ಫಾರ್ಮ್ಯಾಟ್ ಮಾಡಿದರೂ ಅಳಿಯದ್ದು

"ಫಾರ್ಮ್ಯಾಟ್ ಮಾಡ್ಬಿಡು ಮಾರಾಯ, ಎಲ್ಲ ಸರಿಹೋಗುತ್ತೆ!" ನಮ್ಮ ಸಾಫ್ಟ್‌ವೇರ್ ಜನರಿಗೆ ಸರ್ವರೋಗಕ್ಕೂ ಇದೊಂದೇ ಮದ್ದು. ಆದರೆ ಓಎಸ್ ಇರುವುದು ಡಿಸ್ಕಿನಲ್ಲಿ, ಫರ್ಮ್‌ವೇರ್ ಇರುವುದು ಮದರ್‌ಬೋರ್ಡಿನ ಚಿಪ್ಪಿನಲ್ಲಿ. ಪವರ್ ಬಟನ್ ಒತ್ತಿದಾಗ ಮೊದಲು ಏಳುವುದು ಅದೇ. ಗೋಡೆಗೆ ಎಷ್ಟು ಸುಣ್ಣ ಬಳಿದರೂ ತಳಪಾಯದ ಬಿರುಕು ಮುಚ್ಚುತ್ತದೆಯೇ?

ಹಾಗಿದ್ದೂ, ಓಎಸ್ ಹೊಸದಾಗಿ ಹಾಕಿದಾಗ ಫರ್ಮ್‌ವೇರ್ ಕೂಡ ಹೊಸದಾಗುವ ಲ್ಯಾಪ್‌ಟಾಪ್‌ಗಳಿವೆ - ಆಪಲ್‌ನವು. ಇದರ ಹಿಂದಿನ ಕತೆ ನನಗಂತೂ ಸ್ವಾರಸ್ಯವೆನಿಸಿತು.

ಇಂಟೆಲ್ ಮ್ಯಾಕ್‌ಗಳು ಬಂದದ್ದು 2006ರಲ್ಲಿ. ಆಗ ಫರ್ಮ್‌ವೇರ್ ಅಪ್‌ಡೇಟ್ ಬೇರೆಯೇ ಡೌನ್‌ಲೋಡ್. ಯಂತ್ರ ಆಫ್ ಮಾಡಿ, ಲೈಟ್ ಮಿನುಗುವವರೆಗೆ ಪವರ್ ಬಟನ್ ಒತ್ತಿ ಹಿಡಿಯಬೇಕಿತ್ತು. ಇಷ್ಟೆಲ್ಲ ಯಾರು ಮಾಡುತ್ತಾರೆ ಹೇಳಿ?

2014ರ ಡಿಸೆಂಬರ್‌ನಲ್ಲಿ ಟ್ರಾಮೆಲ್ ಹಡ್ಸನ್ ಎಂಬ ಸಂಶೋಧಕ 'ಥಂಡರ್‌ಸ್ಟ್ರೈಕ್' ತೋರಿಸಿದ. ಥಂಡರ್‌ಬೋಲ್ಟ್ ಕಿಂಡಿಗೆ ಚುಚ್ಚಿದ ಒಂದು ಸಾಧನದಿಂದ ಮ್ಯಾಕ್‌ನ ಫರ್ಮ್‌ವೇರನ್ನೇ ಬದಲಾಯಿಸಬಹುದಿತ್ತು. ಓಎಸ್ ಅಳಿಸಿ ಹಾಕಿ, ಡಿಸ್ಕನ್ನೇ ಬದಲಿಸಿ, ಅದು ಜಪ್ಪಯ್ಯ ಅನ್ನುವುದಿಲ್ಲ! 2015ರಿಂದ ಆಪಲ್ ಫರ್ಮ್‌ವೇರನ್ನು ಓಎಸ್ ಮತ್ತು ಸೆಕ್ಯುರಿಟಿ ಅಪ್‌ಡೇಟ್‌ಗಳ ಒಳಗೇ ಸೇರಿಸತೊಡಗಿತು. ಇನ್‌ಸ್ಟಾಲರ್ ಹೊಸ ಫರ್ಮ್‌ವೇರ್ ಫೈಲನ್ನು ಡಿಸ್ಕಿನ ಒಂದು ಸಣ್ಣ ಪಾರ್ಟಿಷನ್‌ನಲ್ಲಿ ಇಡುತ್ತದೆ. ರೀಸ್ಟಾರ್ಟ್ ಆದಾಗ, ಓಎಸ್ ಏಳುವ ಮೊದಲೇ, ಅದು ಚಿಪ್ಪಿಗೆ ಹೋಗುತ್ತದೆ.

ಸಮಸ್ಯೆ ಮುಗಿಯಿತೇ? ಇಲ್ಲ. 2017ರ ಸೆಪ್ಟೆಂಬರ್‌ನಲ್ಲಿ ಡುಯೋ ಸೆಕ್ಯುರಿಟಿಯವರು 73,000ಕ್ಕೂ ಹೆಚ್ಚು ಮ್ಯಾಕ್‌ಗಳ ಲೆಕ್ಕ ಹೊರಗಿಟ್ಟರು. ಸರಾಸರಿ 4.2% ಯಂತ್ರಗಳಲ್ಲಿ ಇರಬೇಕಾದ ಫರ್ಮ್‌ವೇರ್ ಇರಲಿಲ್ಲ; 2015ರ ಕೊನೆಯ 21.5 ಇಂಚಿನ ಐಮ್ಯಾಕ್‌ನಲ್ಲಂತೂ 43%. ಓಎಸ್ ಮಾತ್ರ "ಎಲ್ಲ ಅಪ್‌ಡೇಟ್ ಆಗಿದೆ" ಎನ್ನುತ್ತಿತ್ತು. ಅಪ್‌ಡೇಟ್ ಆಗದೇ ಇದ್ದದ್ದಕ್ಕಿಂತ, ಆಗಿಲ್ಲ ಅಂತ ಯಾರಿಗೂ ತಿಳಿಯದೇ ಹೋದದ್ದು ದೊಡ್ಡ ಅಪಾಯ ಅಲ್ಲವೇ?

ಅದೇ ವರ್ಷದ ಹೈ ಸಿಯೆರಾ ಫರ್ಮ್‌ವೇರನ್ನು ವಾರಕ್ಕೊಮ್ಮೆ ತಾನೇ ಪರೀಕ್ಷಿಸತೊಡಗಿತು. ಜೊತೆಗೆ ಆಪಲ್ ಇನ್ನೊಂದು ಎಚ್ಚರಿಕೆ ಕೊಟ್ಟಿತು: ಒಂದು ಯಂತ್ರದ ಡಿಸ್ಕಿನ ನಕಲನ್ನು ನೂರು ಯಂತ್ರಗಳಿಗೆ ಸುರಿಯುವ ಕಂಪನಿಗಳ ಹಳೆಯ ಪದ್ಧತಿಯಿಂದ ಫರ್ಮ್‌ವೇರ್ ಬರುವುದಿಲ್ಲ, ಇನ್‌ಸ್ಟಾಲರನ್ನೇ ಓಡಿಸಬೇಕು. ಅಂದರೆ 'ಕ್ಲೀನ್ ಇನ್‌ಸ್ಟಾಲ್' ಎಂದು ನಾವು ಕರೆಯುವುದರಲ್ಲೂ ಎರಡು ಜಾತಿ!

2020ರ ನಂತರದ ಆಪಲ್ ಸಿಲಿಕಾನ್ ಯಂತ್ರಗಳಲ್ಲೂ ಫರ್ಮ್‌ವೇರ್ ಬರುವುದು ಮ್ಯಾಕ್ಓಎಸ್ ಜೊತೆಗೇ. ಅನುಕೂಲವೇನೋ ಹೌದು. ಆದರೆ ಎರಡನ್ನೂ ಒಂದೇ ಹಗ್ಗಕ್ಕೆ ಕಟ್ಟಿದ ಮೇಲೆ, ಓಎಸ್‌ನ ಬೆಂಬಲ ನಿಂತ ದಿನ ಫರ್ಮ್‌ವೇರ್‌ನ ದಾರಿಯೂ ಮುಚ್ಚುತ್ತದೆ. ಗಟ್ಟಿಮುಟ್ಟಾಗಿ ಓಡುತ್ತಿರುವ ಹಳೆಯ ಯಂತ್ರದ ತಳಪಾಯವನ್ನು ಆಮೇಲೆ ರಿಪೇರಿ ಮಾಡುವವರು ಯಾರು?

ಸೆಕೆಂಡ್ ಹ್ಯಾಂಡ್ ಮ್ಯಾಕ್ ಕೊಳ್ಳುವವರಿದ್ದರೆ, ಹೊರಗಿನ ಹೊಳಪು ನೋಡುವ ಮೊದಲು ಸಿಸ್ಟಮ್ ರಿಪೋರ್ಟ್ ತೆರೆದು ಫರ್ಮ್‌ವೇರ್ ಆವೃತ್ತಿಯನ್ನೂ ಒಮ್ಮೆ ನೋಡಿ. ಏನಂತೀರಿ? :)