ಉಚಿತ ಮತ್ತು ಮುಕ್ತ: ಬೆಂಗಳೂರು ದಕ್ಷಿಣ ಭಾಗದ ಲಿನಕ್ಸ್ ಚಟುವಟಿಕೆ ಹಾಗೂ ಕನ್ನಡ ಲಿಪಿ

ಕನ್ನಡ ಗಣಕೀಕರಣದ ಚರಿತ್ರೆಯು ಬಹುಮಟ್ಟಿಗೆ ತಂತ್ರಾಂಶಗಳ ಹೆಸರುಗಳ ಮೂಲಕವೇ ನಿರೂಪಿತವಾಗಿದೆ. ಸೇಡಿಯಾಪು, ಬರಹ, ನುಡಿ ಎಂಬ ಕ್ರಮದಲ್ಲಿ ಸಾಗುವ ಈ ನಿರೂಪಣೆಯಲ್ಲಿ ಒಂದು ಪ್ರಶ್ನೆ ಹಿಂದೆ ಸರಿದಿದೆ: ಗಣಕದಲ್ಲಿ ಮೂಡುವ ಕನ್ನಡ ಅಕ್ಷರ ಕೆಟ್ಟರೆ ಅದನ್ನು ದುರಸ್ತಿ ಮಾಡುವ ಅಧಿಕಾರ ಯಾರದು? ಲಿನಕ್ಸ್ ಹಾಗೂ ಮುಕ್ತ ತಂತ್ರಾಂಶಗಳ ಸುತ್ತ ಬೆಂಗಳೂರಿನಲ್ಲಿ ನಡೆದ ಚಟುವಟಿಕೆಯ ಮಹತ್ತ್ವವನ್ನು ಈ ಪ್ರಶ್ನೆಯ ಹಿನ್ನೆಲೆಯಲ್ಲಿ ಅರಿಯುವುದು ಉಚಿತ.

ರಿಚರ್ಡ್ ಸ್ಟಾಲ್‌ಮನ್ 1983ರಲ್ಲಿ ಘೋಷಿಸಿದ ಗ್ನೂ ಯೋಜನೆ, 1991ರಲ್ಲಿ ಹೆಲ್ಸಿಂಕಿಯ ವಿದ್ಯಾರ್ಥಿ ಲೈನಸ್ ಟೋರ್ವಾಲ್ಡ್ಸ್ ಪ್ರಕಟಿಸಿದ ಲಿನಕ್ಸ್ ಇವೆರಡರ ಕಥೆ ಸುವಿದಿತ. ಇಂಗ್ಲಿಷಿನ ‘ಫ್ರೀ’ ಎಂಬ ಪದಕ್ಕೆ ಬೆಲೆಯಿಲ್ಲದ್ದು, ಬಂಧನವಿಲ್ಲದ್ದು ಎಂಬ ಎರಡರ್ಥಗಳಿರುವುದರಿಂದ ಸ್ಟಾಲ್‌ಮನ್ ಅವರು ಅದನ್ನು ಮತ್ತೆ ಮತ್ತೆ ವಿವರಿಸಬೇಕಾಯಿತು. ಕನ್ನಡದಲ್ಲಿ ‘ಉಚಿತ’ ಮತ್ತು ‘ಮುಕ್ತ’ ಬೇರೆ ಬೇರೆ ಪದಗಳು. ಆದರೆ ಪದಗಳಲ್ಲಿ ಇಲ್ಲದ ಗೊಂದಲ ವ್ಯವಹಾರದಲ್ಲಿ ಇತ್ತು. ಕನ್ನಡ ಗಣಕ ಪರಿಷತ್ತಿನ ‘ನುಡಿ’ ಉಚಿತವಾಗಿ ದೊರೆಯಿತು. ಸರ್ಕಾರಿ ಕಚೇರಿಗಳಿಗೆ ಒಂದು ಶಿಷ್ಟತೆಯನ್ನು ತಂದುಕೊಟ್ಟ ಅದರ ಉಪಕಾರ ಸಣ್ಣದಲ್ಲ. ಆದರೂ ಆ ವರ್ಷಗಳಲ್ಲಿ ಅದರ ಆಕರ ಸಂಕೇತ ಬಳಕೆದಾರರ ಕೈಗೆ ಬಂದಿರಲಿಲ್ಲ, ಮತ್ತು ಅದು ನಡೆಯುತ್ತಿದ್ದುದು ವಿಂಡೋಸ್ ಮೇಲೆ.

ಹಳೆಯ ಪದ್ಧತಿಯ ತೊಡಕು ಇನ್ನೂ ಆಳದ್ದು. ಅದರಲ್ಲಿ ಇಂಗ್ಲಿಷ್ ಅಕ್ಷರಗಳ ಸಂಕೇತಸ್ಥಾನಗಳಲ್ಲಿ ಕನ್ನಡದ ತಲೆಕಟ್ಟು, ಕೊಂಬು, ಒತ್ತುಗಳ ತುಂಡುಗಳನ್ನು ಕೂರಿಸಲಾಗಿತ್ತು. ಕಡತದಲ್ಲಿ ಉಳಿಯುತ್ತಿದ್ದುದು ಕನ್ನಡವಲ್ಲ, ಕನ್ನಡದಂತೆ ಕಾಣುವ ಚಿತ್ರಖಂಡಗಳ ಸರಣಿ. ಆ ಫಾಂಟ್ ಇಲ್ಲದ ಗಣಕದಲ್ಲಿ ಅದೇ ಪಠ್ಯ ಅರ್ಥಹೀನ ಚಿಹ್ನೆಗಳಾಗುತ್ತಿತ್ತು. ಪದವನ್ನು ಹುಡುಕುವುದಾಗಲಿ ಅಕಾರಾದಿಯಾಗಿ ಜೋಡಿಸುವುದಾಗಲಿ ಸುಲಭಸಾಧ್ಯವಿರಲಿಲ್ಲ. ಯೂನಿಕೋಡ್ ಕನ್ನಡಕ್ಕೆ 128 ಸ್ಥಾನಗಳ ಒಂದು ಖಂಡವನ್ನು ಮೀಸಲಿಟ್ಟು, ಆಕಾರವನ್ನು ಬಿಟ್ಟು ವರ್ಣವನ್ನು ದಾಖಲಿಸುವ ಕ್ರಮವನ್ನು ತಂದಿತು. ಆಗ ಸಂಯುಕ್ತಾಕ್ಷರವನ್ನು ಕಟ್ಟುವ ಹೊಣೆ ಫಾಂಟಿಗೂ ಅದನ್ನು ಓದುವ ತಂತ್ರಾಂಶಕ್ಕೂ ವರ್ಗಾವಣೆಯಾಯಿತು. ಲಿನಕ್ಸ್ ಸಮುದಾಯದ ನಿಜವಾದ ಕೆಲಸ ನಡೆದದ್ದು ಇಲ್ಲಿ.

ಒಂದು ಉದಾಹರಣೆ ಸಾಕು. ‘ಕಾರ್ಯ’ ಮತ್ತು ‘ರ‍್ಯಾಂಕ್’ ಈ ಎರಡರಲ್ಲೂ ರಕಾರ, ಹಲಂತ, ಯಕಾರಗಳೇ ಇವೆ. ಮೊದಲನೆಯದರಲ್ಲಿ ಅರ್ಕಾವತ್ತು ಬರಬೇಕು. ಎರಡನೆಯದರಲ್ಲಿ ರಕಾರ ನಿಂತು ಯಕಾರ ಒತ್ತಾಗಬೇಕು. ಈ ಭೇದವನ್ನು ಸೂಚಿಸಲು ರಕಾರದ ನಂತರ ಕಣ್ಣಿಗೆ ಕಾಣದ ಒಂದು ಜೋಡಕ ಚಿಹ್ನೆಯನ್ನು ಇಡಬೇಕಾಗುತ್ತದೆ. ಅದನ್ನು ಅಕ್ಷರಜೋಡಣೆಯ ತಂತ್ರಾಂಶ ಅರಿಯದಿದ್ದರೆ ‘ರ‍್ಯಾಂಕ್’ ತಪ್ಪಾಗಿಯೇ ಮೂಡುತ್ತದೆ. ಮುಚ್ಚಿದ ತಂತ್ರಾಂಶದಲ್ಲಿ ಇಂಥ ದೋಷ ಕಂಡವರು ಕಂಪನಿಯ ಮುಂದಿನ ಆವೃತ್ತಿಗೆ ಕಾಯಬೇಕು. ಗ್ನೋಮ್‌ನ ಪ್ಯಾಂಗೊದಲ್ಲಾಗಲಿ, ಇಂದು ಆಂಡ್ರಾಯ್ಡ್, ಫೈರ್‌ಫಾಕ್ಸ್, ಲಿಬ್ರೆಆಫೀಸ್‌ಗಳಲ್ಲಿ ಅಕ್ಷರ ಕಟ್ಟುವ ಹಾರ್ಫ್‌ಬಜ್‌ನಲ್ಲಾಗಲಿ ದೋಷವನ್ನು ವರದಿ ಮಾಡಿ, ತಿದ್ದುಪಡಿಯನ್ನೂ ತಾವೇ ಒಪ್ಪಿಸಬಹುದು.

ಇದಕ್ಕೆ ಬೇಕಾದ ಜನಸಂಪರ್ಕ ಬೆಂಗಳೂರಿನಲ್ಲಿ ಏರ್ಪಟ್ಟಿತ್ತು. ಭಾರತೀಯ ವಿಜ್ಞಾನ ಸಂಸ್ಥೆಯ ಅಧ್ಯಾಪಕರು ರೂಪಿಸಿದ, ಲಿನಕ್ಸ್ ಆಧರಿಸಿದ ಸಿಂಪ್ಯೂಟರ್ 2001ರಲ್ಲಿ ಹೊರಬಂತು. ಮಾರುಕಟ್ಟೆಯಲ್ಲಿ ಅದು ನಿಲ್ಲಲಿಲ್ಲ. ಅದೇ ವರ್ಷ ಆರಂಭವಾದ ‘ಲಿನಕ್ಸ್ ಬೆಂಗಳೂರು’ ಸಮಾವೇಶವು 2005ರಿಂದ ‘ಫಾಸ್ ಡಾಟ್ ಇನ್’ ಎಂಬ ಹೆಸರು ಪಡೆದು, ನಂತರದ ವರ್ಷಗಳಲ್ಲಿ ಹೊಸೂರು ರಸ್ತೆಯ ನಿಮ್ಹಾನ್ಸ್ ಸಮಾವೇಶ ಕೇಂದ್ರದಲ್ಲಿ ಸೇರಿ, 2012ರಲ್ಲಿ ಕೊನೆಗೊಂಡಿತು. ಅದರ ಮುಖ್ಯ ಸಂಘಟಕರಾಗಿದ್ದ ಅತುಲ್ ಚಿಟ್ನಿಸ್ 2013ರಲ್ಲಿ ನಿಧನರಾದರು.

ನಗರದ ದಕ್ಷಿಣ ಭಾಗದಲ್ಲಿ ಈ ಚಟುವಟಿಕೆ ಸಭಾಂಗಣವನ್ನು ದಾಟಿ ಬೀದಿಗೆ ಇಳಿಯಿತು. ಒಂದು ಕಾಲಕ್ಕೆ ಬೆಂಗಳೂರು ದಕ್ಷಿಣ ತಾಲ್ಲೂಕಿನ ಹಳ್ಳಿಯಾಗಿದ್ದ ಪುಟ್ಟೇನಹಳ್ಳಿ ಜೆ.ಪಿ. ನಗರದ ಬಡಾವಣೆಗಳೊಳಗೆ ಸೇರಿಹೋಗಿದೆ. ಅಲ್ಲಿಂದ ಉತ್ತರಕ್ಕೆ ಕೆಲವೇ ಕಿಲೋಮೀಟರ್ ದೂರದಲ್ಲಿ, ಬನ್ನೇರುಘಟ್ಟ ರಸ್ತೆಯ ಗುರಪ್ಪನಪಾಳ್ಯದ ಸುದರ್ಶನ ಬಡಾವಣೆಯ ಕೊಳೆಗೇರಿಯಲ್ಲಿ, ಮುಕ್ತ ತಂತ್ರಾಂಶದ ಸ್ವಯಂಸೇವಕರು ‘ಅಂಬೇಡ್ಕರ್ ಸಮುದಾಯ ಗಣಕ ಕೇಂದ್ರ’ವನ್ನು ನಡೆಸಿದರು. ಅಲ್ಲಿಯ ಮಕ್ಕಳು ಗ್ನೂ/ಲಿನಕ್ಸ್ ಕಲಿತರು, ಜಿಂಪ್‌ನಲ್ಲಿ ಚಿತ್ರ ಬಿಡಿಸಿದರು. ಗ್ನೂ ಯೋಜನೆಯು ಶಿಕ್ಷಣಕ್ಷೇತ್ರದ ನಿದರ್ಶನಗಳಲ್ಲಿ ಈ ಕೇಂದ್ರವನ್ನು ದಾಖಲಿಸಿದೆ. ಜಯನಗರದ ‘ಐಟಿ ಫಾರ್ ಚೇಂಜ್’ ಸಂಸ್ಥೆಯು ರಾಜ್ಯದ ಶಿಕ್ಷಣ ಇಲಾಖೆಯೊಡನೆ ಸೇರಿ 2011ರ ಸುಮಾರಿನಿಂದ ಸರ್ಕಾರಿ ಪ್ರೌಢಶಾಲೆಗಳ ಶಿಕ್ಷಕರಿಗೆ ಉಬುಂಟು, ಜಿಯೋಜೀಬ್ರಾ ಮೊದಲಾದವುಗಳಲ್ಲಿ ತರಬೇತಿ ನೀಡಿತು. ಕನ್ನಡದಲ್ಲಿ ಮುಕ್ತ ಶೈಕ್ಷಣಿಕ ಸಂಪನ್ಮೂಲಗಳ ಸಂಗ್ರಹವೂ ಇದರಿಂದ ಬೆಳೆಯಿತು.

ಪರದೆಯ ಮೇಲಿನ ಆದೇಶಪದಗಳನ್ನು ಕನ್ನಡಿಸುವುದಕ್ಕೆ ಸ್ವಯಂಸೇವಕರು ಅಪಾರ ಶ್ರಮ ಹಾಕಿದರು. ಆ ಶ್ರಮಕ್ಕೆ ತಕ್ಕ ಬಳಕೆ ಸಿಕ್ಕಿತೆನ್ನುವುದು ಕಷ್ಟ. ಸಂಸ್ಕೃತಭೂಯಿಷ್ಠ ಪದಗಳ ಮುಂದೆ ಓದುಗನಿಗೆ ಇಂಗ್ಲಿಷೇ ಸುಲಭವೆನಿಸಿದ್ದುಂಟು. ಹೆಚ್ಚು ಬಾಳಿಕೆ ಬಂದದ್ದು ಕೀಲಿಮಣೆ ಮತ್ತು ಫಾಂಟುಗಳ ಕೆಲಸ. ಕೆ.ಪಿ. ರಾವ್ ಅವರ ವಿನ್ಯಾಸವನ್ನಾಧರಿಸಿ ಗಣಕ ಪರಿಷತ್ತು ಬಳಕೆಗೆ ತಂದ ಕೀಲಿಮಣೆ ‘ಕಗಪ’ ಎಂಬ ಹೆಸರಿನಲ್ಲಿ ಲಿನಕ್ಸ್‌ನ ಕೀಲಿಮಣೆ ಸಂಗ್ರಹವನ್ನು ಸೇರಿದೆ. ಅದೇ ವಿನ್ಯಾಸವನ್ನು ಹಿಂದಿ, ಮರಾಠಿ, ಸಂಸ್ಕೃತ, ತೆಲುಗುಗಳಿಗೂ ಅಲ್ಲಿ ಅಳವಡಿಸಲಾಗಿದೆ. ಕನ್ನಡದ ಪರಿಷತ್ತೊಂದರ ಹೆಸರು ಅನ್ಯಭಾಷೆಗಳ ಕೀಲಿಮಣೆಗೂ ಅಂಟಿಕೊಂಡದ್ದು ಕನ್ನಡಿಗರಲ್ಲೇ ಅಷ್ಟಾಗಿ ಪ್ರಚಾರ ಪಡೆದಿಲ್ಲ. ಮೊದಲು ಕೇದಗೆ, ಮಲ್ಲಿಗೆ, ಬಳಿಕ ಅರವಿಂದ ವಿ.ಕೆ. ಅವರ ಗುಬ್ಬಿ, ನವಿಲು ಡೆಬಿಯನ್ ಭಂಡಾರದ ಮೂಲಕ ಲಿನಕ್ಸ್ ಬಳಕೆದಾರರನ್ನು ತಲುಪಿದವು. 2013ರಲ್ಲಿ ಬಂದ ‘ವಚನ ಸಂಚಯ’ ಇಪ್ಪತ್ತು ಸಾವಿರಕ್ಕೂ ಮಿಕ್ಕ ವಚನಗಳಲ್ಲಿ ಪದವನ್ನು ಹುಡುಕುವ ಅನುಕೂಲ ಕಲ್ಪಿಸಿತು. ಪಠ್ಯ ಯೂನಿಕೋಡ್‌ನಲ್ಲಿಲ್ಲದೆ ಇದು ಆಗುವಂತಿರಲಿಲ್ಲ.

ಮುಕ್ತವಾಗಿದ್ದ ಮಾತ್ರಕ್ಕೆ ತಂತ್ರಾಂಶ ಉಳಿಯುವುದಿಲ್ಲ. ಪುಟ್ಟೇನಹಳ್ಳಿಯ ಕೆರೆಗೆ 2010ರಲ್ಲಿ ನಿವಾಸಿಗಳೇ ವಿಶ್ವಸ್ತ ಮಂಡಳಿ ಕಟ್ಟಿಕೊಂಡು ಕಾವಲಿಗೆ ನಿಲ್ಲಬೇಕಾಯಿತು. ಸಾರ್ವಜನಿಕ ಫಾಂಟಿಗೂ ಅಂಥವರೇ ಬೇಕು. ಹಳಗನ್ನಡ ಸಂಪಾದನೆಯಲ್ಲಿ ತೊಡಗಿದವರಿಗೆ ಇದು ನೇರವಾಗಿ ತಟ್ಟುವ ವಿಷಯ. ಕೇಶಿರಾಜನು ‘ರಳ’ವೆಂದು ಕರೆದ ೞಕಾರಕ್ಕೆ ಯೂನಿಕೋಡ್ ಪಟ್ಟಿಯಲ್ಲಿ ಅಕಸ್ಮಾತ್ ‘ಫ’ ಎಂಬ ಹೆಸರು ಬಿದ್ದಿದೆ. ಒಮ್ಮೆ ಇಟ್ಟ ಹೆಸರನ್ನು ಬದಲಿಸಬಾರದೆಂಬ ನಿಯಮವಿರುವುದರಿಂದ ಸರಿಯಾದ ಹೆಸರನ್ನು ಪರ್ಯಾಯವಾಗಿ ಮಾತ್ರ ಸೇರಿಸಲಾಗಿದೆ. ಹೆಸರು ಹೇಗೇ ಇರಲಿ, ಸ್ಥಾನವಂತೂ ಇದೆ. ಆದರೆ ಆ ಸ್ಥಾನದಲ್ಲಿ ಅಕ್ಷರದ ಆಕಾರವನ್ನು, ಅದರ ಒತ್ತನ್ನು ಬರೆದಿಡುವುದು ಫಾಂಟ್ ರಚಿಸುವವನ ಕೆಲಸ. ಮಾರುಕಟ್ಟೆಯ ದೃಷ್ಟಿಯಲ್ಲಿ ೞಕಾರಕ್ಕೂ ಶಕಟರೇಫಕ್ಕೂ ಗಿರಾಕಿಗಳಿಲ್ಲ. ಮುಕ್ತ ಪರವಾನಗಿಯ ಫಾಂಟಿನಲ್ಲಿ ಅದು ಬಿಟ್ಟುಹೋಗಿದ್ದರೆ, ಪಂಪನ ಪಠ್ಯವನ್ನು ಸಿದ್ಧಪಡಿಸುತ್ತಿರುವ ಸಂಪಾದಕನು ಬಲ್ಲವರೊಬ್ಬರ ನೆರವಿನಿಂದ ಅದನ್ನು ತಾನೇ ಸೇರಿಸಿ, ಮುಂದಿನವರ ಬಳಕೆಗೆ ಹಿಂದಿರುಗಿಸಬಹುದು.