ಪ್ಲಾಸ್ಟಿಕ್ ಪಟ್ಟಿ ಜೋಡಣೆ

ಬಳಸಿ ಬಿಟ್ಟ ಪ್ಲಾಸ್ಟಿಕ್ ಚೀಲಗಳಿಂದ ಕತ್ತರಿಸಿದ ಪಟ್ಟಿಗಳನ್ನು ಹುರಿ ಹೆಣೆಯಲು ಒಂದಕ್ಕೊಂದು ಸೇರಿಸುವ ಕೈಕೆಲಸ. ಮೂರೆಳೆಯ ಜಡೆ ಹಾಕುವುದು ಯಾರಿಗಾದರೂ ಬೇಗ ಬರುತ್ತದೆ; ಹುರಿ ಬಾಳುವುದೂ ಬಿಚ್ಚಿಕೊಳ್ಳುವುದೂ ಜೋಡಣೆಯ ಮೇಲೆ ನಿಂತಿದೆ. ಪಾಲಿಥೀನ್ ಜಾರುವ ವಸ್ತುವಾದ್ದರಿಂದ ಹತ್ತಿದಾರಕ್ಕೆ ಹಾಕುವ ಸಾದಾ ಗಂಟು ಇದರಲ್ಲಿ ಅಷ್ಟಾಗಿ ನಿಲ್ಲುವುದಿಲ್ಲ.

ಸ್ವೀಡನ್ನಿನ ಸೆಲ್ಲೊಪ್ಲಾಸ್ಟ್ ಕಂಪನಿಗಾಗಿ ಸ್ಟೆನ್ ಗುಸ್ತಾಫ್ ಥುಲಿನ್ ರೂಪಿಸಿದ, 1965ರಲ್ಲಿ ಅಮೆರಿಕದ ಪೇಟೆಂಟ್ ಪಡೆದ ಹಿಡಿಕೆ ಚೀಲ ಮೂಲತಃ ಒಂದು ಕೊಳವೆ. ಹಿಡಿಕೆಯನ್ನೂ ತಳದ ಬೆಸುಗೆಯನ್ನೂ ಕತ್ತರಿಸಿ ತೆಗೆದರೆ ಆ ಕೊಳವೆಯೇ ಉಳಿಯುತ್ತದೆ. ಅದನ್ನು ಅಡ್ಡಕ್ಕೆ ಕತ್ತರಿಸಿದರೆ ಬಳೆಯಾಕಾರದ ಪಟ್ಟಿಗಳು, ಸುರುಳಿಯಾಗಿ ಕತ್ತರಿಸಿದರೆ ಒಂದೇ ಉದ್ದನೆಯ ಪಟ್ಟಿ. 30 ಸೆಂ.ಮೀ. ಅಗಲ, 40 ಸೆಂ.ಮೀ. ಎತ್ತರದ ಕೊಳವೆಯನ್ನು 3 ಸೆಂ.ಮೀ. ಅಂತರದಲ್ಲಿ ಸುರುಳಿ ಕತ್ತರಿಸಿದರೆ ಸುಮಾರು 8 ಮೀಟರ್ ಸಿಗುತ್ತದೆ. ಬಳೆಗಳಾಗಿ ಕತ್ತರಿಸಿದರೆ ಅದರ ಅರ್ಧದಷ್ಟು ಉದ್ದ, ಆದರೆ ಎರಡು ಪದರ.

ಬಳೆಗಳಿಗೆ ಕುಣಿಕೆ ಜೋಡಣೆಯೇ ಸರಿ. ಒಂದು ಬಳೆಯ ತುದಿಯನ್ನು ಇನ್ನೊಂದರ ಒಳಗೆ ತೂರಿಸಿ, ಅದೇ ಬಳೆಯ ಮತ್ತೊಂದು ತುದಿಯನ್ನು ಈ ತುದಿಯ ಕುಣಿಕೆಯೊಳಗಿಂದ ಹೊರಗೆಳೆಯಬೇಕು. ಮಕ್ಕಳು ರಬ್ಬರ್ ಬ್ಯಾಂಡ್‌ಗಳನ್ನು ಸರಪಳಿ ಮಾಡುವುದು ಹೀಗೆಯೇ. ಗಂಟನ್ನು ನಿಧಾನವಾಗಿ ಬಿಗಿಯಬೇಕು. ಜಗ್ಗಿದರೆ ತೆಳು ಹಾಳೆ ಗಂಟಿನ ಬುಡದಲ್ಲೇ ಹಿಗ್ಗಿ ಹರಿಯುತ್ತದೆ.

ಉದ್ದ ಪಟ್ಟಿಗಳಿಗೆ ಸೀಳು ಜೋಡಣೆ. ಎರಡರ ತುದಿಯನ್ನೂ ಮಡಚಿ, ಮಡಿಕೆಯಲ್ಲಿ ಪಟ್ಟಿಯ ಉದ್ದಕ್ಕೆ ಸಣ್ಣ ಸೀಳು ಹಾಕುತ್ತಾರೆ. ಹಳೆಯ ಪಟ್ಟಿಯ ತುದಿಯನ್ನು ಹೊಸದರ ಸೀಳಿನಲ್ಲಿ ತೂರಿಸಿ, ಹೊಸ ಪಟ್ಟಿಯ ಬಾಲವನ್ನು ಹಳೆಯದರ ಸೀಳಿನೊಳಗಿಂದ ಪೂರ್ತಿ ಎಳೆದುಕೊಂಡರೆ ಎರಡೂ ಕಚ್ಚಿಕೊಳ್ಳುತ್ತವೆ. ಚಿಂದಿ ಬಟ್ಟೆಯ ಚಾಪೆ ಹೆಣೆಯುವವರಿಗೆ ಇದು ಹೊಸದೇನಲ್ಲ. ಗಂಟೇ ಬೇಡವೆಂದರೆ ಮುಗಿಯುತ್ತಿರುವ ಎಳೆಯ ಮೇಲೆ ಹೊಸ ಪಟ್ಟಿ ಇಟ್ಟು, ಒಂದು ಗೇಣಿನಷ್ಟು ಎರಡನ್ನೂ ಸೇರಿಸಿ ಹೆಣೆಯಬಹುದು. ನೋಟಕ್ಕೆ ನಯ, ಚಾಪೆಗೆ ಸಾಕು. ಭಾರ ಹೊರುವ ಚೀಲದ ಹಿಡಿಗೆ ಆಗದು.

ಯಾವ ವಿಧಾನವಾದರೂ ಮೂರೆಳೆಗಳ ಜೋಡಣೆಗಳು ಒಂದೇ ಕಡೆ ಬೀಳಬಾರದು. ಅದಕ್ಕಾಗಿ ಮೊದಲೇ ಎಳೆಗಳನ್ನು ಉದ್ದ-ಗಿಡ್ಡವಾಗಿ ಇಟ್ಟುಕೊಂಡು ಹೆಣಿಗೆ ಶುರುಮಾಡುತ್ತಾರೆ. ಇಸ್ತ್ರಿಪೆಟ್ಟಿಗೆಯಿಂದ ಬೆಸೆಯುವುದೂ ಉಂಟು, ಆದರೆ ತೆಳು ಪಟ್ಟಿ ಬೆಸೆಯುವ ಮೊದಲೇ ತೂತಾಗುವುದೇ ಹೆಚ್ಚು. ಪಿ.ವಿ.ಸಿ. ಹಾಳೆಯನ್ನಂತೂ ಕಾಯಿಸಲೇಬಾರದು, ಅತಿಯಾಗಿ ಬಿಸಿಯಾದರೆ ಹೈಡ್ರೋಜನ್ ಕ್ಲೋರೈಡ್ ಅನಿಲ ಹೊರಡುತ್ತದೆ.

ಪಶ್ಚಿಮ ಆಫ್ರಿಕದ ಗಾಂಬಿಯಾದಲ್ಲಿ ಇಸಾಟೂ ಸೀಸೆ 1997ರಲ್ಲಿ ತಮ್ಮೂರು ಎನ್‌ಜಾವ್‌ನ ಹೆಂಗಸರೊಂದಿಗೆ ಇಂಥ ಪಟ್ಟಿಗಳಿಂದ ಕ್ರೋಶಾ ಹೆಣಿಗೆಯ ಪರ್ಸುಗಳನ್ನು ಮಾಡತೊಡಗಿದರು. ಕರ್ನಾಟಕದಲ್ಲಿ 2016ರಿಂದ ಪ್ಲಾಸ್ಟಿಕ್ ಕೈಚೀಲಗಳಿಗೆ ನಿಷೇಧವಿದೆ. ಮನೆಗಳಲ್ಲಿ ತಪ್ಪದೆ ಸಿಗುವುದು ಹಾಲಿನ ಕವರು. ಸೋಪುನೀರಿನಲ್ಲಿ ತೊಳೆಯದಿದ್ದರೆ ಅದು ನಾರುತ್ತದೆ. ಅದರ ಬಳೆಗಳೂ ಗಿಡ್ಡ, ಹಾಗಾಗಿ ಗಂಟುಗಳು ಹೆಚ್ಚು. ಸುರುಳಿ ಕತ್ತರಿಸಿ ಸೀಳು ಜೋಡಣೆ ಮಾಡುವುದು ವಾಸಿ.

ಇಂಥ ಹುರಿಯನ್ನು ಬಟ್ಟೆ ಒಣಹಾಕಲು ಕಟ್ಟಿದರೆ ಎರಡು ತೊಂದರೆ: ಸದಾ ಭಾರವಿದ್ದರೆ ಪಾಲಿಥೀನ್ ಮೆಲ್ಲಗೆ ಹಿಗ್ಗುತ್ತಲೇ ಹೋಗಿ ಜೋಲುತ್ತದೆ, ಬಿಸಿಲಿನ ನೇರಳಾತೀತ ಕಿರಣಗಳಿಗೆ ಪೆಡಸಾಗಿ ಚೂರುಚೂರಾಗಿ ಉದುರುತ್ತದೆ.