ಎತ್ತಿಗೆ ಸೋಮವಾರ, ಆಳಿಗೆ ಯಾವ ವಾರ?

ಕನ್ನಡದ ‘ದಣಿ’ ಎಂಬ ಧಾತುವಿಗೆ ಆಯಾಸಗೊಳ್ಳು ಎಂಬ ಅರ್ಥದ ಜೊತೆಗೆ ತೃಪ್ತಿಪಡು ಎಂಬ ಅರ್ಥವೂ ಇದೆ. ಕಣ್ದಣಿಯೆ ನೋಡುವುದೆಂದರೆ ಕಣ್ಣಿಗೆ ಸುಸ್ತಾಗುವಂತೆ ನೋಡುವುದಲ್ಲ, ಸಾಕೆನಿಸುವಷ್ಟು ನೋಡುವುದು. ಭಾಷೆ ಈ ಎರಡನ್ನೂ ಒಂದೇ ಮಾತಿನಲ್ಲಿ ಇಟ್ಟಿದ್ದರೂ ಕಂಪ್ಲಿಯ ಗದ್ದೆಗಳಲ್ಲಿ ಸಸಿ ಹಚ್ಚುವ ಹೆಂಗಸರಿಗೆ ಮೊದಲನೆಯ ಅರ್ಥವೇ ಹೆಚ್ಚು ಪರಿಚಿತ. ಇಡೀ ದಿನ ಕೆಸರಿನಲ್ಲಿ ಬಗ್ಗಿ ನಿಂತ ಸೊಂಟ ರಾತ್ರಿ ನೆಟ್ಟಗಾಗುವ ಹೊತ್ತಿಗೆ ಮರುದಿನದ ಕೂಲಿಗೆ ಕರೆ ಬಂದಿರುತ್ತದೆ. ದಣಿವು ಎಷ್ಟು ಹಳೆಯದೋ ಅದನ್ನು ಆರಿಸಿಕೊಳ್ಳುವ ಬಿಡುವಿನ ಚರಿತ್ರೆಯೂ ಅಷ್ಟೇ ಹಳೆಯದು. ಆದರೆ ಆ ಬಿಡುವು ಎಲ್ಲರಿಗೂ ಒಂದೇ ಸಲ ಸಿಕ್ಕಿದ್ದಲ್ಲ.

ಈ ಸೀಮೆಯಲ್ಲಿ ವಾರದ ರಜೆ ಮೊದಲು ಸಿಕ್ಕಿದ್ದು ಎತ್ತಿಗೆ ಎನ್ನಬಹುದು. ಬಳ್ಳಾರಿ, ರಾಯಚೂರು, ಧಾರವಾಡದ ಕಡೆ ಸೋಮವಾರ ಎತ್ತಿನ ಹೆಗಲಿಗೆ ನೊಗ ಇಡಬಾರದೆಂಬ ಕಟ್ಟುಪಾಡು ಇದೆ. ಎತ್ತು ಬಸವಣ್ಣ, ಸೋಮವಾರ ಶಿವನ ವಾರ. ಅಮಾವಾಸ್ಯೆಗೂ ಬೇಸಾಯವಿಲ್ಲ. ಕಾರಹುಣ್ಣಿಮೆಗೆ ಅದರ ಮೈ ತೊಳೆದು, ಕೊಂಬಿಗೆ ಬಣ್ಣ ಬಳಿದು ಮೆರೆಸುತ್ತಾರೆ. ಮೂಕ ಪ್ರಾಣಿ ತನ್ನ ದಣಿವನ್ನು ಹೇಳಿಕೊಳ್ಳಲಾರದು. ಅದರ ಪರವಾಗಿ ಧರ್ಮವೇ ಮಾತಾಡಿತು. ಬಾಯಿದ್ದ ಆಳಿಗೆ ಮಾತ್ರ ಅಂಥ ವಾರವನ್ನು ಯಾರೂ ಗೊತ್ತುಮಾಡಲಿಲ್ಲ. ನೊಗ ಇಳಿದ ಸೋಮವಾರವೂ ಕಳೆ ತೆಗೆಯಬಹುದು, ಬದು ಹಾಕಬಹುದು.

ಆದರೂ ಮಳೆಯನ್ನೇ ನಂಬಿದ ಖುಷ್ಕಿ ಭೂಮಿಯಲ್ಲಿ ಆಳಿಗೊಂದು ಆಸರೆಯಿತ್ತು: ಬೇಸಿಗೆ. ಸುಗ್ಗಿ ಮುಗಿದ ಮೇಲೆ ಹೊಲದಲ್ಲಿ ಮಾಡುವ ಕೆಲಸ ಕಡಿಮೆ. ಭಾರತ ಹುಣ್ಣಿಮೆಯ ವೇಳೆಗೆ ಮೈಲಾರದ ಜಾತ್ರೆ, ಚೈತ್ರದಲ್ಲಿ ಹಂಪಿಯ ತೇರು, ಮದುವೆಗಳು, ರಾತ್ರಿಯಿಡೀ ಬಯಲಾಟ ನಡೆಯುವುದು ಈ ತೆರವಿನಲ್ಲೇ. ಕೂಲಿ ಇರಲಿಲ್ಲ ನಿಜ. ಮೈಗೆ ಮಾತ್ರ ವಿರಾಮವಿತ್ತು.

ನೀರು ಬಂದ ಕಡೆ ಈ ಲೆಕ್ಕ ಬದಲಾಯಿತು. ತುಂಗಭದ್ರೆಗೆ ಅಣೆಕಟ್ಟುಗಳನ್ನು ಹಾಕಿ ವಿಜಯನಗರದ ಅರಸರು ತೆಗೆಸಿದ ಕಾಲುವೆಗಳಲ್ಲಿ ತುರ್ತು, ರಾಯ, ಬಸವಣ್ಣ, ಕಂಪ್ಲಿ ಕಾಲುವೆಗಳು ಇಂದಿಗೂ ಹರಿಯುತ್ತಿವೆ. ಇವುಗಳ ಜಾಣ್ಮೆಯನ್ನು ಹೊಗಳಿದವರು ಬಹಳ. ಅಗೆದವರ ಬಗ್ಗೆ ತಿಳಿಯುವುದು ಕಡಿಮೆ. ಹತ್ತಿರದ ಒಂದು ಚಿತ್ರ ಸಿಗುವುದು 1520ರ ಸುಮಾರಿಗೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ದೊಮಿಂಗೊ ಪಾಯಸ್‌ನಲ್ಲಿ. ಕೃಷ್ಣದೇವರಾಯ ಕಟ್ಟಿಸುತ್ತಿದ್ದ ಕೆರೆಯೊಂದರಲ್ಲಿ ಹದಿನೈದು ಇಪ್ಪತ್ತು ಸಾವಿರ ಜನ ನೆಲ ಕಾಣದಂತೆ ಇರುವೆಗಳ ಹಾಗೆ ಮುತ್ತಿಕೊಂಡಿದ್ದುದನ್ನು ಅವನು ಬರೆದಿದ್ದಾನೆ. ಕಟ್ಟೆ ಎರಡು ಮೂರು ಬಾರಿ ಒಡೆದಾಗ ನರಬಲಿ ಕೊಟ್ಟರೆಂದೂ ಹೇಳುತ್ತಾನೆ. ಆ ಸಾವಿರಾರು ಜನ ಸಂಜೆ ಎಲ್ಲಿ ಮೈಚಾಚಿದರು ಎಂಬುದು ಅವನ ಕುತೂಹಲಕ್ಕೆ ಬಿದ್ದ ವಿಷಯವಲ್ಲ.

ಕಾಲುವೆಯ ನೀರು ವರ್ಷದ ಹೆಚ್ಚಿನ ಕಾಲ ಹರಿಯುತ್ತದೆ. 1953ರಲ್ಲಿ ತುಂಗಭದ್ರಾ ಜಲಾಶಯ ಆದ ಮೇಲೆ ನೀರಾವರಿ ಇನ್ನಷ್ಟು ಹಬ್ಬಿತು. ಭತ್ತ, ಇಲ್ಲಿನವರ ಬಾಯಲ್ಲಿ ನೆಲ್ಲು, ವರ್ಷಕ್ಕೆ ಎರಡು ಬೆಳೆಯಾಯಿತು. ಬಾಳೆ, ಕಬ್ಬು ಜೊತೆಗೂಡಿದವು. ಊಟ ಹೆಚ್ಚಿತು, ಕೂಲಿಯೂ ಹೆಚ್ಚಿತು. ಮೈಯ ಬಿಡುವಾಗಿದ್ದ ಬೇಸಿಗೆಯೂ ನಾಟಿ, ಕೊಯ್ಲುಗಳ ನಡುವೆ ಸಿಕ್ಕಿಕೊಂಡಿತು.

ಕಾರ್ಖಾನೆಯ ಆಳಿನ ಕತೆ ಬೇರೆ ದಾರಿ ಹಿಡಿಯಿತು. ಮುಂಬಯಿಯ ಗಿರಣಿ ಕಾರ್ಮಿಕರಿಗೆ ಭಾನುವಾರದ ರಜೆ ಬೇಕೆಂದು ನಾರಾಯಣ ಮೇಘಾಜಿ ಲೋಖಂಡೆ ವಾದಿಸಿದಾಗ ಅದು ಖಂಡೋಬನ ವಾರ ಎಂಬುದನ್ನೂ ಕಾರಣವಾಗಿ ಮುಂದಿಟ್ಟಿದ್ದರು. ಖಂಡೋಬನೆಂದರೆ ಬೇರೆ ಯಾರೂ ಅಲ್ಲ, ಕನ್ನಡಿಗರ ಮೈಲಾರಲಿಂಗನೇ. 1890ರಲ್ಲಿ ಗಿರಣಿ ಮಾಲೀಕರು ಒಪ್ಪಿದರು. ಎತ್ತಿಗೆ ಶಿವ ನೆರವಾದಂತೆ ಗಿರಣಿಯ ಆಳಿಗೆ ಮೈಲಾರ ನೆರವಾದ! ಮೊದಲ ಮಹಾಯುದ್ಧದ ಕಾಲದಲ್ಲಿ, 1915ರಲ್ಲಿ ಬ್ರಿಟನ್ ನೇಮಿಸಿದ ಸಮಿತಿಯೊಂದು ಮದ್ದುಗುಂಡು ಕಾರ್ಖಾನೆಗಳನ್ನು ಪರೀಕ್ಷಿಸಿ, ಅತಿಯಾದ ದುಡಿಮೆಯ ಹೊತ್ತನ್ನು ಇಳಿಸಿದರೆ ಉತ್ಪಾದನೆ ಇಳಿಯುವುದಿಲ್ಲವೆಂದು ಕಂಡುಕೊಂಡಿತು. ಭಾರತದಲ್ಲಿ 1922ರಲ್ಲಿ ವಾರಕ್ಕೆ 60 ಗಂಟೆ, 1934ರಲ್ಲಿ 54, 1946ರಲ್ಲಿ 48 ಎಂದು ಮಿತಿ ಇಳಿಯುತ್ತ ಬಂತು. 1948ರ ಕಾರ್ಖಾನೆ ಕಾಯಿದೆ 48 ಗಂಟೆಯನ್ನು ಉಳಿಸಿಕೊಂಡು ವಾರದ ರಜೆಯನ್ನು ಖಚಿತಪಡಿಸಿತು.

ಗದ್ದೆಗೆ ಸೈರನ್ ಇಲ್ಲ. ಅದೇ 1948ರ ಕನಿಷ್ಠ ವೇತನ ಕಾಯಿದೆ ಹೊಲದ ಕೆಲಸವನ್ನೂ ಒಳಗೊಂಡಿತಾದರೂ ನಾಟಿಯನ್ನು ಎಕರೆಗಿಷ್ಟು ಎಂದು ಗುತ್ತಿಗೆ ಹಿಡಿದಾಗ ಗಂಟೆಯ ಲೆಕ್ಕ ಕೇಳುವವರಿಲ್ಲ. ಬೇಗ ಮುಗಿಸಿದರೆ ಇನ್ನೊಂದು ಗದ್ದೆ. ಆದ್ದರಿಂದ ಗುಂಪಿನ ಹೆಂಗಸರು ತಮ್ಮನ್ನು ತಾವೇ ಓಡಿಸಿಕೊಳ್ಳುತ್ತಾರೆ. ಮನೆಗೆ ಬಂದ ಮೇಲೆ ಒಲೆ, ನೀರು, ಮಕ್ಕಳು ಇವೆ. ಅದು ಯಾವ ಕಾಯಿದೆಯ ಪಟ್ಟಿಯಲ್ಲೂ ದುಡಿಮೆಯಲ್ಲ. ಉಳುಮೆಗೆ ಟ್ರ್ಯಾಕ್ಟರು, ಕೊಯ್ಲಿಗೆ ಯಂತ್ರ ಬಂದು ಎತ್ತಿನ ನೊಗ ವಾರದ ಬಹಳ ದಿನ ಮೂಲೆಯಲ್ಲೇ ಇರುವಂತಾದರೂ ಸಸಿ ಹಚ್ಚುವ ಕೆಲಸ ಹೆಚ್ಚಾಗಿ ಕೈಯಲ್ಲೇ ಉಳಿದಿದೆ.

ಮಳೆ ಕೈಕೊಟ್ಟು ಜಲಾಶಯ ತುಂಬದ ವರ್ಷ ಎರಡನೆಯ ಬೆಳೆಗೆ ನೀರು ಸಿಗುವುದಿಲ್ಲ. ಆಗ ಗದ್ದೆಯ ಆಳಿಗೂ ಬೇಸಿಗೆಯಲ್ಲಿ ಬಿಡುವು. ಆ ಬಿಡುವಿನಲ್ಲಿ ಕೂಲಿಯವರು ಬುತ್ತಿ ಕಟ್ಟಿಕೊಂಡು ಕಟ್ಟಡದ ಕೆಲಸಕ್ಕೆ ಬೆಂಗಳೂರಿನ ಬಸ್ಸು ಹತ್ತುತ್ತಾರೆ.